ತಲೆ ಬಿಟ್ಟು ಮಿಕ್ಕಿದ್ದು

ಹಿತ್ತಿಲ ಮೆಟ್ಟಿಲ ಮೇಲೆ ಕೂತು,
ಸೋಮವಾರ, ಅಂಗಡಿಗೆ ರಜೆ

ಪ್ರೀತಿಯ ಗುಂಗುರೀ,

ಈ ಹೆಸರಿನಿಂದ ಇನ್ನು ಕರೆಯಬೇಡಿ ಎಂದು ನೀನು ಚಿಕ್ಕಮ್ಮನ ಕೈಲಿ ಹೇಳಿಸಿದ್ದು ತಲುಪಿತು. ನಾನು ಒಪ್ಪುವುದಿಲ್ಲ. ಹುಟ್ಟಿದಾಗ ನಿನ್ನ ತಲೆಯ ಮೇಲಿದ್ದದ್ದು ನಾಲ್ಕೇ ನಾಲ್ಕು ಎಳೆ ಕೂದಲು, ಅದೂ ಸುರುಳಿ ಸುತ್ತಿಕೊಂಡು. ಆಗ ಇಟ್ಟ ಹೆಸರು. ಕೊಟ್ಟದ್ದನ್ನು ವಾಪಸು ಪಡೆಯುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಹೇಗಿದ್ದೀಯ ಮಗಳೇ? ಬಾಯಿಗೆ ರುಚಿ ಬಂತೇ? ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು ಬರುತ್ತದೆಯೇ? ಚಿಕಿತ್ಸೆ ಮುಗಿಯಿತು, ರಿಪೋರ್ಟು ಚೆನ್ನಾಗಿದೆ, ಧೈರ್ಯವಾಗಿ ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದರಲ್ಲ, ಅವತ್ತು ನಾನು ಒಬ್ಬ ಗಿರಾಕಿಯ ಮೀಸೆಯನ್ನು ಒಂದೇ ಕಡೆ ಕತ್ತರಿಸಿ, ಇನ್ನೊಂದು ಕಡೆ ಮರೆತು, ಖುಷಿಯಲ್ಲಿ ಕೈಕುಲುಕಿ ಕಳಿಸಿಬಿಟ್ಟೆ. ಪಾಪ, ಬೀದಿಯ ಕೊನೆಯ ತನಕ ಹೋಗಿ ವಾಪಸು ಬಂದ. ಆದರೆ ನೀನು ಮಾತ್ರ, ಉದುರಿದ ಕೂದಲು ಮತ್ತೆ ಬರುವ ತನಕ ನಾನು ಮನೆಗೆ ಬರುವುದಿಲ್ಲ, ನೀವೂ ನೋಡಲು ಬರಬೇಡಿ ಎಂದು ಚಿಕ್ಕಮ್ಮನ ಮನೆಯಲ್ಲೇ ಹಟ ಹಿಡಿದು ಕೂತಿದ್ದೀಯ. ಫೋನಿನಲ್ಲೂ ಮುಖ ತೋರಿಸುವುದಿಲ್ಲ. ನಾನು ಏನಾದರೂ ಹೇಳೋಣವೆಂದರೆ ಬಾಯಿ ತೆರೆಯುವಷ್ಟರಲ್ಲಿ ನಿನ್ನಮ್ಮ ಫೋನು ಕಿತ್ತುಕೊಳ್ಳುತ್ತಾಳೆ. ಅದಕ್ಕೇ ಈ ಕಾಗದ. ಬುದ್ಧಿವಾದ ಬರೆದಿರಬಹುದೆಂದು ಹೆದರಬೇಡ. ನಮ್ಮ ಹಿತ್ತಿಲಿಗೆ ಒಂದು ಹಕ್ಕಿ ಬಂದಿದೆ, ಅದರ ಸುದ್ದಿ.

ಹೋದ ವಾರ ಅಂಗಡಿಯ ಟವೆಲುಗಳನ್ನು ಒಣಹಾಕಲು ಹಿತ್ತಿಲಿಗೆ ಹೋದೆ. ಹಗ್ಗದ ಮೇಲೆ ಕೂತಿತ್ತು. ನೋಡಿ ಕೈಲಿದ್ದ ಟವೆಲು ಕೆಳಗೆ ಬಿತ್ತು. ತಲೆ ಪೂರ್ತಿ ಬೋಳು! ಹೆಸರಿಗೂ ಒಂದು ಪುಕ್ಕವಿಲ್ಲ. ಹಳದಿ ಚರ್ಮ, ಸಣಕಲು ಕತ್ತು, ಪಕ್ಕದಲ್ಲಿ ಕಿವಿಯ ತೂತು ಕೂಡ ಕಾಣುತ್ತಿತ್ತು. ಇಷ್ಟು ವರ್ಷ ಕ್ಷೌರದ ಕತ್ತಿ ಹಿಡಿದಿದ್ದೇನೆ, ಅಷ್ಟು ನುಣ್ಣಗೆ ನನ್ನ ಕೈಯಲ್ಲಿ ಒಂದು ತಲೆಯೂ ಬಂದಿಲ್ಲ. (ಸಿಟ್ಟು ಮಾಡಿಕೊಂಡು ಕಾಗದ ಮಡಚಿಡಬೇಡ, ಪೂರ್ತಿ ಓದು.) ಸುದ್ದಿ ಅಂಗಡಿಗೆ ಬಂದದ್ದೇ ತಡ, ಎಲ್ಲರೂ ಹಕ್ಕಿ ಪಂಡಿತರಾದರು. ಪಕ್ಕದಂಗಡಿಯ ಟೈಲರ್ ಬೇಲಿಯ ಮೇಲಿಂದ ಇಣುಕಿ, "ರಣಹದ್ದಿನ ಮರಿ ಕಣಯ್ಯಾ, ಕೋಳಿಗೀಳಿ ಇದ್ರೆ ಒಳಗೆ ಹಾಕ್ಕೋ" ಎಂದ. ನಾವು ಕೋಳಿ ಸಾಕಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತು. ಅಂಚೆಯವರು, ಯಾರದೋ ದೊಡ್ಡ ಮನೆಯ ಪಂಜರದಿಂದ ತಪ್ಪಿಸಿಕೊಂಡ ಫಾರಿನ್ ಹಕ್ಕಿ ಎಂದು ತೀರ್ಪು ಕೊಟ್ಟರು. ನಾನೇನು ಕಡಿಮೆಯೇ? ಇದು ಯಾರೂ ಕಾಣದ ಹೊಸ ಜಾತಿಯೇ ಸರಿ, ಪೇಪರಿನಲ್ಲಿ ನನ್ನ ಫೋಟೋ ಬರುತ್ತದೆ ಎಂದು ಮೀಸೆ ತಿರುವಿದೆ. "ಯಾವ ಜಾತಿ ಆದ್ರೇನು, ಹೊಟ್ಟೆ ಹಸಿದಿದೆ ಅದಕ್ಕೆ" ಎಂದು ನಿನ್ನಮ್ಮ ಬ್ರೆಡ್ಡಿನ ಚೂರು ಹಾಕಿ ಒಳಗೆ ಹೋದಳು. ಹಕ್ಕಿ ಅವಳೊಬ್ಬಳನ್ನೇ ಗೌರವದಿಂದ ನೋಡಿತು.

ಶನಿವಾರ ನಿನ್ನ ಡ್ರಾಯಿಂಗ್ ಮೇಷ್ಟ್ರು ಶೇವಿಂಗಿಗೆ ಬಂದರು. ನೊರೆ ಹಚ್ಚುತ್ತಾ ವಿಷಯ ತೆಗೆದೆ. ಅವರು ಕೊಕ್ಕು ಯಾವ ಬಣ್ಣ ಎಂದರು. ಬೋಳು ತಲೆ ಮೇಷ್ಟ್ರೇ ಎಂದೆ. ಕಾಲು ಎಂದರು. ತಲೆ ಹಳದಿ ಎಂದೆ. ರೆಕ್ಕೆ ಬಿಚ್ಚಿದಾಗ ಏನು ಕಾಣುತ್ತೆ ಎಂದರು. ನುಣ್ಣನೆ ತಲೆ ಎಂದೆ. ನಿನಗೇ ಗೊತ್ತಲ್ಲ ನನ್ನ ಕತೆ. ನನಗೆ ಜನ ಗುರುತಾಗುವುದು ತಲೆಯಿಂದ. ಯಾರ ಸುಳಿ ಎಡಕ್ಕೆ, ಯಾರದು ಬಲಕ್ಕೆ, ಯಾರ ನೆತ್ತಿ ತೆಳುವಾಗುತ್ತಿದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಅವರೇ ಟೋಪಿ ಹಾಕಿಕೊಂಡು ಎದುರು ಬಂದರೆ ಯಾರೋ ಪರಸ್ಥಳದವರು ಎಂದು ದಾರಿ ಬಿಡುತ್ತೇನೆ. ನಿನ್ನ ಸೋದರಮಾವ ರೇನ್‌ಕೋಟು ಹಾಕಿಕೊಂಡು ಬಂದಾಗ ಬಾಗಿಲಲ್ಲಿ ನಿಲ್ಲಿಸಿ "ಯಾರು ಬೇಕಾಗಿತ್ತು?" ಎಂದು ಕೇಳಿದ್ದನ್ನು ನಿನ್ನಮ್ಮ ಇನ್ನೂ ಆಡಿ ತೋರಿಸುತ್ತಾಳೆ.

ಮೇಷ್ಟ್ರು ಅರ್ಧ ಮುಖ ನೊರೆಯಲ್ಲೇ ಎದ್ದು ಹಿತ್ತಿಲಿಗೆ ನಡೆದರು. ಹಳೆಯ ಕ್ಯಾಲೆಂಡರಿನ ಹಾಳೆ ಕೇಳಿ, ಅದರ ಹಿಂದೆ ಜೇಬಿನಲ್ಲಿದ್ದ ಬಣ್ಣದ ಪೆನ್ಸಿಲುಗಳಲ್ಲಿ ಹಕ್ಕಿಯನ್ನು ಇದ್ದ ಹಾಗೇ ಬರೆದರು. ನಾನು, ಟೈಲರ್ ಇಬ್ಬರೂ ಕತ್ತು ಚಾಚಿ ನೋಡಿದೆವು. ತಲೆ ಎಷ್ಟು ಚೆನ್ನಾಗಿ ಬಂದಿದೆ ಎಂದು ನಾನು ಹೊಗಳುವುದರಲ್ಲಿದ್ದೆ. ಅಷ್ಟರಲ್ಲಿ ಅವರು ತಮ್ಮ ಹೆಬ್ಬೆರಳನ್ನು ಚಿತ್ರದ ತಲೆಯ ಮೇಲಿಟ್ಟು ಮುಚ್ಚಿ, "ತಲೆ ಬಿಟ್ಟು ಮಿಕ್ಕಿದ್ದು ನೋಡ್ರಿ. ಈಗ ಹೇಳಿ, ಯಾರು ಇದು?" ಎಂದರು. ಕಂದು ಮೈ, ಹಳದಿ ಕಾಲು, ರೆಕ್ಕೆಯಲ್ಲಿ ಬಿಳಿ ಪಟ್ಟೆ. "ಮೈನಾ!" ಎಂದು ನಾವಿಬ್ಬರೂ ಒಟ್ಟಿಗೆ ಕೂಗಿದೆವು. ದಿನಾ ಬೆಳಗಾದರೆ ಗೇಟಿನ ಮೇಲೆ ಜಗಳಾಡುವ ಮೈನಾ! ಮೇಷ್ಟ್ರಿಗೆ ನಗು ತಡೆಯಲಾಗದೆ ನೊರೆಯೆಲ್ಲ ಹಾಳೆಯ ಮೇಲೆ ಸಿಡಿಯಿತು. ಪುಕ್ಕ ಉದುರುವ ಕಾಲದಲ್ಲಿ ಒಂದೊಂದು ಹಕ್ಕಿಗೆ ತಲೆಯದ್ದೆಲ್ಲ ಒಟ್ಟಿಗೇ ಹೋಗುತ್ತದಂತೆ, ಕೆಲವಕ್ಕೆ ಸಣ್ಣ ಹುಳುಗಳ ಕಾಟದಿಂದಲೂ ಹೀಗಾಗುತ್ತದಂತೆ. ಸಾಮಾನ್ಯವಾಗಿ ಮತ್ತೆ ಬರುತ್ತದೆ ಎಂದರು.

ನಿಜವಾದ ಸುದ್ದಿ ಇನ್ನು ಮೇಲೆ. ನಿನ್ನೆ ಬೆಳಿಗ್ಗೆ ಅಂಗಡಿ ತುಂಬ ಜನ. ಇದ್ದಕ್ಕಿದ್ದಂತೆ ಒಂದು ಶಿಳ್ಳೆ ಕೇಳಿಸಿತು. ಎರಡು ಉದ್ದ, ಒಂದು ಗಿಡ್ಡ, ಕೊನೆಯಲ್ಲಿ ಗಾಳಿ ಸಾಲದೆ ಕೊಂಚ ಜಾರುತ್ತದಲ್ಲ, ಅದೂ ಸೇರಿ. ಶಾಲೆಯಿಂದ ಬರುವಾಗ, ಆಮೇಲೆ ಕೆಲಸದಿಂದ ಬರುವಾಗ, ಗೇಟು ತೆಗೆಯುತ್ತಾ ನೀನು ಹೊಡೆಯುವ ಶಿಳ್ಳೆ. ಪ್ರಪಂಚದಲ್ಲಿ ಬೇರೆ ಯಾರೂ ಅಷ್ಟು ಕೆಟ್ಟದಾಗಿ ಮುಗಿಸುವುದಿಲ್ಲ. ಅಡುಗೆಮನೆಯಿಂದ ನಿನ್ನಮ್ಮ ಸೋಪಿನ ಕೈಯಲ್ಲೇ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದಳು. ನಾನು ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಕತ್ತರಿ ಹಿಡಿದುಕೊಂಡೇ ಓಡಿದೆ. ಗೇಟಿನಲ್ಲಿ ಯಾರೂ ಇರಲಿಲ್ಲ. ನಿನ್ನಮ್ಮ ಬೀದಿಯ ಆ ಕಡೆ, ಈ ಕಡೆ ನೋಡಿದಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಆಗ ಹಿಂದಿನಿಂದ, ಹಿತ್ತಿಲ ಕಡೆಯಿಂದ, ಮತ್ತೆ ಅದೇ ಶಿಳ್ಳೆ.

ಹೋಗಿ ನೋಡಿದರೆ ಹಗ್ಗದ ಮೇಲೆ ಎದೆ ಉಬ್ಬಿಸಿ ಕೂತಿದೆ ನಮ್ಮ ಬೋಳಪ್ಪ! ನೀನು ಶಿಳ್ಳೆ ಹೊಡೆದಾಗಲೆಲ್ಲ ಗೇಟಿನ ಮೇಲೆ ಕೂತು ತಲೆ ಓರೆ ಮಾಡಿ ಕೇಳುತ್ತಿದ್ದ ಮೈನಾ ನೆನಪಿದೆಯೇ? "ನನ್ನ ಶಿಷ್ಯ, ಇವತ್ತಲ್ಲ ನಾಳೆ ಕಲೀತಾನೆ" ಎನ್ನುತ್ತಿದ್ದೆಯಲ್ಲ, ಅವನೇ. ಗುರು ಊರಲ್ಲಿಲ್ಲದಾಗ ಪಾಠ ಒಪ್ಪಿಸುತ್ತಿದ್ದಾನೆ. ನಿನ್ನಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳುತ್ತಾಳೇನೋ ಎಂದು ನನಗೆ ಭಯವಾಯಿತು. ಅವಳು ನಕ್ಕಳು ನೋಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ನಮ್ಮವನೇ ಕಣ್ರೀ! ವಾರದಿಂದ ಬರ್ತಿದ್ದಾನೆ, ನಾವು ಯಾರೋ ಅಂದ್ಕೊಂಡ್ವಲ್ಲ!" ಎಂದಳು. ಹಿಂದೆ ಯಾರೋ ಕೆಮ್ಮಿದಂತಾಗಿ ತಿರುಗಿದರೆ, ಅರ್ಧ ಕಟಿಂಗ್ ಆದ ಗಿರಾಕಿ ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ ನಿಂತು "ಮಗಳು ಬಂದ್ಲಾ?" ಎಂದು ಕೇಳುತ್ತಿದ್ದ.

ನಾನೂ ತಲೆ ಬೋಳಿಸಿಕೊಳ್ಳುತ್ತೇನೆ, ಮಗಳಿಗೆ ಜೊತೆಯಾಗುತ್ತದೆ ಎಂದು ರಾತ್ರಿ ಊಟಕ್ಕೆ ಕೂತಾಗ ಹೇಳಿ ನೋಡಿದೆ. "ನಿಮ್ಮ ತಲೇಲಿ ಬೋಳಿಸೋಕೆ ಏನುಳಿದಿದೆ?" ಎಂದಳು ನಿನ್ನಮ್ಮ. ಅಲ್ಲಿಗೆ ಆ ಮಾತು ಮುಗಿಯಿತು. ಗುಂಗುರೀ, ನಿನ್ನ ಕೂದಲೆಂದರೆ ನನಗೆ ಪ್ರಾಣ, ಇಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಅದು ಬರುವ ತನಕ ನಮಗೆ ಹೇಗೋ ನಡೆಯುತ್ತದೆ. ನೀನಿಲ್ಲದೆ ನಡೆಯುತ್ತಿಲ್ಲ.

ಮೇಷ್ಟ್ರು ಬರೆದ ಚಿತ್ರವನ್ನು ಇದರೊಳಗೆ ಇಟ್ಟಿದ್ದೇನೆ. ಅದರ ಮೇಲಿನ ಕಲೆ ನೊರೆಯದು. ನೀನೂ ಒಮ್ಮೆ ಹೆಬ್ಬೆರಳಿಟ್ಟು ನೋಡು. ಚಿಕ್ಕಮ್ಮನನ್ನು ಕೇಳಿದೆನೆಂದು ಹೇಳು, ನಿನ್ನನ್ನು ಇಷ್ಟು ದಿನ ನೋಡಿಕೊಂಡ ಅವಳ ಕೈ ತಣ್ಣಗಿರಲಿ. ನೂರು ಕಾಲ ಗಟ್ಟಿಯಾಗಿ, ನಗುತ್ತಾ ಬಾಳು ತಾಯೀ.

ನಿನ್ನ
ಅಪ್ಪ

ಬರೆಯಲು ಮರೆತದ್ದು: ಅಂಚೆಯವರು ತಾವೇ ಒಯ್ಯುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ನಿನ್ನಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ. ಯಾವ ದಿನ, ಯಾವ ಬಸ್ಸು ಎಂದು ತಿಳಿಸಬೇಕಾಗಿಲ್ಲ. ಟೋಪಿ ಹಾಕಿಕೊಂಡು ಬಾ, ಸ್ಕಾರ್ಫ್ ಕಟ್ಟಿಕೊಂಡು ಬಾ, ಬರಿ ತಲೆಯಲ್ಲಿ ಬಾ, ನಿನ್ನಿಷ್ಟ. ಗೇಟಿನಲ್ಲಿ ನಿಂತು ಒಂದು ಶಿಳ್ಳೆ ಹೊಡೆ ಸಾಕು, ಗುರುತು ಹಿಡಿಯುವುದು ನಮ್ಮ ಕೆಲಸ. ಹಿತ್ತಿಲಿನಿಂದ ಅವನೂ ಹೊಡೆಯುತ್ತಾನೆ, ಹೊಡೆಯಲಿ. ನಾವು ಮೊದಲು ಗೇಟಿಗೇ ಓಡಿ ಬರುತ್ತೇವೆ.