ನೀರ್ಕೋಣೆಯಲ್ಲಿ ಎಣಿಕೆ ತಪ್ಪಿದ್ದು

ಕಾರವಾರ ಕಡಲಕಟ್ಟೆ
ಕ್ರಿ.ಶ. ೨೨೩೧, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ನಮಗಿಂತ ಇನ್ನೂರು ವರ್ಷ ಹಿಂದಿರುವವರಿಗೆ,

ಹದಿಮೂರನೆಯ ತಿಂಗಳೇ ಎಂದು ಹುಬ್ಬೇರಿಸಬೇಡಿ. ಉಬ್ಬರವಿಳಿತ ನೋಡಿ ಬದುಕುವ ನಮಗೆ ಅಷ್ಟು ತಿಂಗಳು ಬೇಕಾಗುತ್ತವೆ. ನಿಮಗೆ ಗುರುತಿಲ್ಲದ ಪದಗಳು ಬಂದರೆ ಮನ್ನಿಸಿ. ಮನ್ನಿಸಲು ಕಷ್ಟವಾದ ಸಂಗತಿ ಮುಂದಿದೆ.

ನಾನು ಮಾಲಿನಿ ಖಾರ್ವಿ, ಕಟ್ಟೆಯ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವವಳು. ಹೊಸ ಪ್ರೊಸೆಸರ್ ಮಾಡುವ ಕಾರ್ಖಾನೆ ನಮ್ಮಲ್ಲಿಲ್ಲ. ನಿಮ್ಮ ಕಸದ ಗುಡ್ಡಗಳನ್ನು ಅಗೆದು, ಬಟ್ಟೆ ಒಗೆಯುವ ಯಂತ್ರಗಳಿಂದ ಕಿತ್ತ ಪುಟ್ಟ ಪ್ರೊಸೆಸರುಗಳನ್ನೇ ಬಳಸುತ್ತೇವೆ. ಅವುಗಳಿಗೆ ಅಗೆಚಿಪ್ಪು ಎನ್ನುತ್ತೇವೆ. ಹೆಂಗಸರು ಅವನ್ನು ಬುಟ್ಟಿಗಟ್ಟಲೆ ತಂದು, ಹುಳಿನೀರಿನಲ್ಲಿ ತೊಳೆದು, ಹಪ್ಪಳದಂತೆ ಬಿಸಿಲಿಗೆ ಹರವುತ್ತಾರೆ.

ಕಟ್ಟೆಯ ಬುಡದಲ್ಲಿ ನೀರ್ಕೋಣೆಯಿದೆ. ದೋಣಿಗಳನ್ನು ಕಡಲಿನ ಮಟ್ಟಕ್ಕೆ ಎತ್ತಲು ಅದಕ್ಕೆ ನೀರು ಬಿಡುತ್ತೇವೆ. ಖಾಲಿಯಿದ್ದಾಗ ಕೆಲಸದವರು ಇಳಿದು ಗೋಡೆಗಂಟಿದ ಕಡಲಚಿಪ್ಪುಗಳನ್ನು ಕೆರೆಯುತ್ತಾರೆ. ಇಳಿಯುವಾಗ ಬಾಗಿಲಿನ ಗುಂಡಿ ಒತ್ತಿದರೆ ಎಣಿಕೆ ಒಂದು ಏರುತ್ತದೆ, ಹೊರಬಂದು ಒತ್ತಿದರೆ ಒಂದು ಇಳಿಯುತ್ತದೆ. ಸೊನ್ನೆಯಾದರೆ ಮಾತ್ರ ನೀರು. ಎರಡು ಬಾಗಿಲಿಗೆ ಎರಡು ಅಗೆಚಿಪ್ಪು. ಎಣಿಕೆ ಬರೆದಿಡುವ ಜಾಗ ಮಾತ್ರ ಒಂದೇ.

ಎಣಿಕೆಯನ್ನು ಓದಿ, ಒಂದು ಕೂಡಿಸಿ, ಮರಳಿ ಬರೆಯಬೇಕು. ನಡುವೆ ಇನ್ನೊಬ್ಬರು ಕೈಹಾಕದಂತೆ ಈ ಮೂರನ್ನೂ ಒಂದೇ ಉಸಿರಿಗೆ ಮುಗಿಸುವ ಸೂಚನೆ ನಿಮ್ಮ ದೊಡ್ಡ ಪ್ರೊಸೆಸರುಗಳಲ್ಲಿತ್ತು. ಅಗೆಚಿಪ್ಪಿನಲ್ಲಿಲ್ಲ. ಆದರೂ ದಾರಿಯಿತ್ತು, ಅದು ನನಗೆ ಗೊತ್ತಿತ್ತು. ಜೊತೆಗೆ ಕೆಲಸ ಮಾಡುವ ಹುಸೇನಬ್ಬ ಎಲ್ಲರೆದುರು ಅದನ್ನೇ ಹೇಳಿದ: ಪ್ರತಿ ಅಗೆಚಿಪ್ಪೂ ಎಣಿಕೆ ತನಗೆ ಬೇಕೆಂದು ಬಾವುಟ ಎತ್ತಬೇಕು, ಸರದಿಯನ್ನು ಇನ್ನೊಂದಕ್ಕೆ ಬಿಟ್ಟುಕೊಡಬೇಕು, ಅದು ಮುಗಿಸುವ ತನಕ ಕಾಯಬೇಕು.

"ಇಬ್ರೂ ಒಂದೇ ಕ್ಷಣಕ್ಕೆ ಒತ್ತೂದು ಎಲ್ಲಾದ್ರೂ ಉಂಟಾ?" ಎಂದೆ.

"ದಿನಾ ಇನ್ನೂರು ಜನ ಇಳೀತಾರೆ, ಮಾಲಿನಿ. ಎರಡು ದಿನ ಕೊಡು, ನಾನೇ ಬರೀತೆ."

ಕೊಡಲಿಲ್ಲ. ಬಾಗಿಲುಗಳನ್ನು ಬಳಕೆಗೆ ತೆರೆಯುವ ದಿನವನ್ನು ಆಗಲೇ ಸಾರಿಯಾಗಿತ್ತು ಎಂಬುದು ನೆಪ. ಕಿರಿಯರ ಮುಂದೆ ಅವನು ನನ್ನನ್ನು ತಿದ್ದಿದ್ದು ನನಗೆ ಸಹಿಸಲಾಗಲಿಲ್ಲ.

ಏಳು ತಿಂಗಳ ಮೇಲೆ ಒಂದು ಬೆಳಿಗ್ಗೆ ಗೋಡೆ ಕೆರೆಯುವ ಬೊಮ್ಮಿ ಗೌಡ ಪೂರ್ವದ ಬಾಗಿಲಲ್ಲೂ ಈರ ಎಂಬವನು ಪಶ್ಚಿಮದಲ್ಲೂ ಒಟ್ಟಿಗೇ ಗುಂಡಿ ಒತ್ತಿದರು. ಎರಡೂ ಚಿಪ್ಪುಗಳು ಸೊನ್ನೆ ಓದಿದವು, ಎರಡೂ ಒಂದು ಎಂದು ಬರೆದವು. ಈರ ಮೊದಲು ಹೊರಬಂದು ಗುಂಡಿ ಒತ್ತಿದ. ಎಣಿಕೆ ಸೊನ್ನೆಯಾಯಿತು, ದೋಣಿಯೊಂದು ಕಾದಿತ್ತು, ನೀರು ನುಗ್ಗಿತು. ಬೊಮ್ಮಿ ಬದುಕಿದಳು. ಬಲಗೈಯ ಮೂರು ಬೆರಳು ನೀರು ಬರುವ ಕಂಡಿಯ ಜಾಲರಿಯಲ್ಲಿ ಸಿಕ್ಕಿ ಹೋದವು.

ಅಂದೇ ಮಧ್ಯಾಹ್ನ ನಾನು ಯಾರಿಗೂ ಹೇಳದೆ ಹುಸೇನಬ್ಬನ ವಿಧಾನವನ್ನು ಸೇರಿಸಿದೆ. ಮರುದಿನ ವಿಚಾರಣೆಯ ಸಭೆಯಲ್ಲಿ ಪ್ರೋಗ್ರಾಂ ತೆರೆದು ತೋರಿಸಿ, ತಪ್ಪೇನೂ ಇಲ್ಲ, ಬೊಮ್ಮಿ ಗುಂಡಿ ಒತ್ತಿರಲಾರಳು ಎಂದೆ.

"ನಾ ಒತ್ತೀನೆ," ಎಂದಳು ಅವಳು, ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು. "ಒತ್ಕಂಡೇ ಇಳ್ದೀನೆ."

ಯಾರೂ ನಂಬಲಿಲ್ಲ. ಅವಳನ್ನು ಕೆಲಸದಿಂದ ತೆಗೆದರು. ಹುಸೇನಬ್ಬ ನನ್ನ ಮುಖ ನೋಡಿದ. ಸಾಕ್ಷಿಯನ್ನು ನಾನೇ ಅಳಿಸಿದ್ದೆ, ಅವನ ಬಳಿ ಏನಿತ್ತು? ವಾರದೊಳಗೆ ಬೇರೆ ಕಟ್ಟೆಗೆ ಹೊರಟುಹೋದ.

ನಾಲ್ಕು ವರ್ಷ ಹೀಗೇ ಉಂಡೆ, ಮಲಗಿದೆ, ಹೊಗಳಿಸಿಕೊಂಡೆ. ದಾರಿಯಲ್ಲಿ ಬೊಮ್ಮಿ ಎಡಗೈಯಲ್ಲಿ ಮೀನು ಹೆಚ್ಚುತ್ತ ಕೂತದ್ದು ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದೆ. ಕಳೆದ ತಿಂಗಳು ಹಾಗೆ ತಪ್ಪಿಸಿಕೊಂಡು ಹೋಗಲಾಗಲಿಲ್ಲ. ಅವಳೆದುರು ಕೂತು ಎಲ್ಲವನ್ನೂ ಹೇಳಿದೆ. ಅವಳು ಚಾಕು ಕೆಳಗಿಟ್ಟಳು.

"ನಂಗೆ ಹೇಳೂದು ಎಂತಕ್ಕೆ? ನಾ ಒತ್ತಿದ್ದು ನಂಗೆ ಗೊತ್ತಿತ್ತು. ಸಭೇಲಿ ಹೇಳು."

ಸಭೆಯಲ್ಲಿ ಹೇಳಿದೆ. ನನ್ನ ಹುದ್ದೆ ಹೋಯಿತು, ಬೊಮ್ಮಿಗೆ ಕೆಲಸ ಮರಳಿ ಸಿಕ್ಕಿತು. ಮೊದಲ ದಿನ ಅವಳು ಪೂರ್ವದ ಬಾಗಿಲಿಗೆ ಬಂದಾಗ ನಾನೂ ಅಲ್ಲಿದ್ದೆ. ಅವಳು ಉಳಿದ ಎರಡು ಬೆರಳಿನಿಂದ ಕೆರೆಯುವ ಉಳಿಯನ್ನು ನನ್ನತ್ತ ಚಾಚಿದಳು.

"ಮೊದ್ಲು ನೀ ಇಳಿ."

ಇಳಿದೆ. ಈಗ ಅದೇ ನನ್ನ ಕೆಲಸ. ಮೇಲಿನ ನೀರಿನ ಸದ್ದು ಕೇಳಿದಾಗಲೆಲ್ಲ ತಲೆಯೆತ್ತಿ ಬಾಗಿಲು ನೋಡುತ್ತೇನೆ. ಬೊಮ್ಮಿ ಪಕ್ಕದಲ್ಲೇ ಕೆರೆಯುತ್ತಾಳೆ.

ನಿಮ್ಮಲ್ಲಿ ಯಾರಾದರೂ ಇಂಥ ಬಾಗಿಲಿಗೆ ಪ್ರೋಗ್ರಾಂ ಬರೆಯುತ್ತಿದ್ದರೆ, ಮುಗಿಸುವ ಮೊದಲು ಒಮ್ಮೆ ಒಳಗಿಳಿದು ನಿಂತು ಬನ್ನಿ. ಬೇಡುವುದು ಇಷ್ಟೇ. ಇಳಿತದ ಹೊತ್ತಾಯಿತು, ಹೋಗಬೇಕು.

ಮಾಲಿನಿ