ಇಲ್ಸೆ ಮೇಡಂ ಕೊನೆಯ ಕೆಂಪು

೩ ಜೂನ್
ಏಳನೇ ತರಗತಿಗೆ ಡ್ರಾಯಿಂಗ್ — ಮತ್ತದೇ ಮಾವಿನಕಾಯಿ. ಸ್ಟಾಫ್‌ರೂಮಿಗೆ ಬರುವಷ್ಟರಲ್ಲಿ ಪ್ರಾಚಿಯ ಫೋನ್, ಬೆಂಗಳೂರಿನ ಮ್ಯೂಸಿಯಂನವಳು. ಇಲ್ಸೆ ಮೇಡಂ ಚಿತ್ರಗಳ ಪ್ರದರ್ಶನಕ್ಕೆ, ನನ್ನ ಹತ್ತಿರ ಉಳಿದಿರುವ ಅವರ ಕೊನೆಯ ಏಳು ಚಿತ್ರ ಬೇಕಂತೆ. ಜರ್ಮನಿಯಿಂದ ಬಂದು ಈ ಗುಳೇದಗುಡ್ಡದಲ್ಲಿ ಮೂವತ್ತು ವರ್ಷ ಚಿತ್ರ ಬರೆದು, ಇಲ್ಲೇ ಮಣ್ಣಾದವರು. "ಈಗಿನ ಪೇಂಟರ್‌ಗಳೆಲ್ಲಾ ಆ ಏಳರ ಫೋಟೋದಾಗಿನ ಕೆಂಪು ನೋಡೇ ಕಲ್ತಾರ್ರಿ" ಎಂದಳು. ಚಿತ್ರಗಳು ಅವರವೇ ಎಂದು ಶಿಷ್ಯೆಯಾದ ನಾನು ಫಾರ್ಮ್ ತುಂಬಿ ಕೊಡಬೇಕು. ಹೂಂ ಅಂದೆ. ಯಾಕೆ ಅಂದೆನೋ.

೫ ಜೂನ್
ಫಾರ್ಮ್ ತುಂಬಲಾಗಲಿಲ್ಲ. ಇಲ್ಲಾದರೂ ಖರೆ ಬರೆಯಬೇಕು. ಕೊನೆಯ ಎರಡು ವರ್ಷ ಮೇಡಂಗೆ ಕೆಂಪು ಕಾಣುತ್ತಿರಲಿಲ್ಲ. ಕಂದು ಹಚ್ಚಿ "ಶುಭದಾ, ಕೆಂಪು ಐತೇನ?" ಅನ್ನೋರು. "ಅದರಿ, ಛಲೋ ಬಂದದ" ಅನ್ನುತ್ತಿದ್ದೆ. ಮಧ್ಯಾಹ್ನ ಅವರು ಮಲಗಿದಾಗ ಪಕ್ಕದ ಮನೆಯ ಸಿದ್ದವ್ವನ ಮಗ್ಗದಿಂದ ಖಣದ ಕುಪ್ಪಸಕ್ಕೆ ನೇಯುವ ಕೆಂಪು ನೂಲು ತಂದು, ಅಂಗಳದ ಬಿಸಿಲಲ್ಲಿ ಕ್ಯಾನ್ವಾಸಿಗೆ ಹಿಡಿದು — ನೇಕಾರರು ಬಣ್ಣ ತಾಳೆ ನೋಡುವುದೇ ಹಾಗೆ — ಅದೇ ಕೆಂಪು ಕಲಸಿ ಹಚ್ಚುತ್ತಿದ್ದೆ. ಏಳಕ್ಕೂ. ಸಹಿ ಅವರದು.

೬ ಜೂನ್
ಕ್ಯಾಟಲಾಗ್ ಡ್ರಾಫ್ಟ್ ಬಂತು. ನನ್ನ ಬಗ್ಗೆ ಒಂದೇ ಸಾಲು — "ಗುರುವಿನ ಕೆಂಪನ್ನು ಮೀರಲಾರದ ಶಿಷ್ಯೆ." ಮೊದಲು ನಗು ಬಂತು. ಆಮೇಲೆ ಅಳು. ಹೇಳಿದರೆ ಮೇಡಂ ಹೆಸರು ಹೋಗುತ್ತದೆ. ಹೇಳದಿದ್ದರೆ ಸಾಯುವ ತನಕ ನಾನು ನಕಲು...

೧೨ ಜೂನ್
ಪ್ರಾಚಿಯ ಫೋನ್ ಎತ್ತಿಲ್ಲ. ಸಿದ್ದವ್ವನ ಮುಂದೆ ಎಲ್ಲ ಬಾಯಿಬಿಟ್ಟೆ. ಆಕೆ ಲಾಳಿ ನಿಲ್ಲಿಸಲೇ ಇಲ್ಲ.
"ಆಕಿಗಿ ಗೊತ್ತಿತ್ತಲ್ಲ ಯವ್ವಾ. ಸಂಜಿಕ ಬರ್ತಿದ್ಲು. ಹುಡುಗಿ ಇವತ್ತ ಯಾ ಕೆಂಪು ಒಯ್ದ್ಲು ಅಂತ ಕೇಳ್ತಿದ್ಲು. ಕೈಯಾಗ ಕೊಟ್ರ ಮುಟ್ಟಿ ನೋಡಿ ನಕ್ಕೋತ ಹೋಗ್ತಿದ್ಲು."
"ನಕ್ಕೋತ?"
"ಹೂಂ. ಒಮ್ಮೆ ಅತ್ಲು."
ಯಾವತ್ತು ಅಂದೆ. ನೆನಪಿಲ್ಲವಂತೆ.
ಗೊತ್ತಿದ್ದೂ ಸಹಿ ಹಾಕಿದರು. ನನ್ನನ್ನು ನಂಬಿದರೋ, ನನ್ನದನ್ನು ಕಸಿದುಕೊಂಡರೋ? ಆ ಕೆಂಪು ನೋಡಿ ಕಲಿತವರೆಲ್ಲ ಕಲಿತದ್ದು ಯಾರಿಂದ — ಅವರಿಂದಲೋ, ನನ್ನಿಂದಲೋ, ಸಿದ್ದವ್ವನ ಮಗ್ಗದಿಂದಲೋ? ತಲೆ ಚಿಟ್ಟು ಹಿಡಿದಿದೆ. ಮೇಡಂ ಮೇಲೆ ಸಿಟ್ಟು. ಅವರಿಲ್ಲ ಅಂತ ಸಂಕಟ.

೧೩ ಜೂನ್, ಬೆಳಿಗ್ಗೆ ೯
ಪ್ರಾಚಿಯ ಮೆಸೇಜ್ — ರಾತ್ರಿ ಬಾಗಲಕೋಟೆಯಲ್ಲಿ ತಂಗಿದ್ದವಳು ಚಿತ್ರ ಒಯ್ಯಲು ಕಾರಿನಲ್ಲಿ ಹೊರಟಿದ್ದಾಳಂತೆ. ಏಳೂ ಚಿತ್ರಗಳನ್ನು ಅಂಗಳಕ್ಕೆ ತಂದು ಸಾಲಾಗಿ ನಿಲ್ಲಿಸಿದೆ. ಮೂಲೆಯಲ್ಲಿ ನಡುಗುವ ಕೈಯ ಸಹಿ. ಹಳೆಯ ಚಿತ್ರಗಳಲ್ಲಿ ಅದು ಅಂಚಿಗೇ ಅಂಟಿರುತ್ತಿತ್ತು. ಇವುಗಳಲ್ಲಿ ಒಳಗೆ ಸರಿದಿದೆ. ಪಕ್ಕದಲ್ಲಿ ಇನ್ನೊಂದು ಹೆಸರು ಹಿಡಿಯುವಷ್ಟು ಜಾಗ ಖಾಲಿ. ಏಳರಲ್ಲೂ. ಬೇಕಂತಲೇ ಬಿಟ್ಟರೋ, ಅಂಚು ಕಾಣಲಿಲ್ಲವೋ...
ಹೊರಗೆ ಹಾರ್ನ್. ಫಾರ್ಮ್ ಬರೆದುಬಿಡುತ್ತೇನೆ.
ಕಲಾವಿದರ ಹೆಸರು: ಇಲ್ಸೆ ಮತ್ತು —