ಮೊಳೆಗೆ ಚೀಲ ಕಂಡರೆ

ಹೊಸನಗರದಾಚೆಯ ನಮ್ಮ ಕ್ರಾಸ್,
ದಿನೇಶಣ್ಣನ ಜೆರಾಕ್ಸ್ ಅಂಗಡಿ, ಪ್ರಿಂಟರಿನ ಬಲಗಡೆಯ ಸ್ಟೂಲು
೧೪ ನವೆಂಬರ್ ೨೦೨೫, ಶುಕ್ರವಾರ

ಶ್ರೀಮತ್ ತುಂಗಾತೀರನಿವಾಸಿನಿ, ಗ್ರಂಥಾಲಯಧೂಳಿನಿವಾರಿಣಿ, ಒಂದು ಪ್ಲೇಟ್ ಗೋಬಿಯನ್ನು ಇಬ್ಬರಿಗೆ ಹಂಚುವಾಗ ಮುಕ್ಕಾಲು ಪಾಲನ್ನು ಸ್ವಯಂ ಸ್ವೀಕರಿಸುವ ಪರಮ ನ್ಯಾಯನಿಷ್ಠೆ, ಮೂರು ವಾರದಿಂದ ಈ ಬಡಪಾಯಿಗೆ ವಾಟ್ಸಾಪಿನ ನೀಲಿ ಗೆರೆಗಳನ್ನು ಮಾತ್ರ ದಯಪಾಲಿಸುತ್ತಿರುವ ಮೌನವ್ರತಧಾರಿಣಿ ಕುಮಾರಿ ಮೇಘನಾ ಮಹಾಸನ್ನಿಧಾನಕ್ಕೆ,

ಪ್ರತಿಮಾ ಎಂಬ ಹುಳವು ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಡವಾಯಿತು, ಬಯ್ಯಬೇಡ ಕಣೇ.

ಫೋನು ಬಿಟ್ಟು ಕಾಗದಕ್ಕೆ ಇಳಿದದ್ದಕ್ಕೆ ಕಾರಣವಿದೆ. ನನ್ನ ಫೋನು ಈಗ ಅಂಗಡಿಯ ಫೋನು. ಊರವರ ಒಟಿಪಿಯೆಲ್ಲ ಅದಕ್ಕೇ ಬರುತ್ತದೆ. ಅಣ್ಣ ನೋಡುತ್ತಾನೆ, ಅಮ್ಮ ನೋಡುತ್ತಾಳೆ, ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ಬಂದವರೂ ಕುತ್ತಿಗೆ ಉದ್ದ ಮಾಡಿ ನೋಡುತ್ತಾರೆ. ಈ ಕಾಗದವನ್ನಾದರೆ ಬೆಳ್ಳಪ್ಪಣ್ಣ ತರುತ್ತಾನೆ. ಸಾಗರದಿಂದ ನಮ್ಮ ಕ್ರಾಸಿನ ಮೇಲೆ ತೀರ್ಥಹಳ್ಳಿಗೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರು. ಬೇರೆಯವರ ಗುಟ್ಟು ಒಡೆಯುವ ಜಾತಿಯವನಲ್ಲ.

ಮೊನ್ನೆ ನಿನ್ನ ಮೌನ ಮುರಿದು ಒಂದು ಸಾಲು ಬಂತು: ‘ಸೋಮವಾರ ಹನ್ನೊಂದಕ್ಕೆ ಇನ್ನೊಂದು ಸಲ ಕರೆದಿದ್ದಾರೆ. ಇದೇ ಕೊನೆ. ಬರ್ತೀಯೋ ಇಲ್ವೋ?’ ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ನಿನ್ನ ಪಕ್ಕದ ಕುರ್ಚಿ. ಅದಕ್ಕಾಗಿ ನೀನು ಪ್ರಿನ್ಸಿಪಾಲರ ಎದುರು ಎರಡೆರಡು ಸಲ ಕೈಕಟ್ಟಿ ನಿಂತದ್ದು ಗೊತ್ತು. ಆದರೆ ನಾನು ಹೇಗೆ ಬರಲಿ ಹೇಳು? ನಾನು ಫ್ರೀ ಇದ್ದೇನೆ!

ನಗಬೇಡ. ಈ ಒಂದು ಶಬ್ದದ ಮೇಲೆ ನಾನೀಗ ಮಹಾಪ್ರಬಂಧ ಬರೆದು ಡಾಕ್ಟರೇಟ್ ಪಡೆಯಬಲ್ಲೆ. ಡಿಗ್ರಿ ಮುಗಿದ ದಿನ ಅಣ್ಣ, “ಹೆಂಗೂ ಫ್ರೀ ಇದೀಯಲ್ಲೇ, ಒಂದು ವಾರ ಅಂಗಡಿ ನೋಡ್ಕ” ಎಂದ. ಆ ವಾರಕ್ಕೆ ಈಗ ಹದಿನೇಳು ತಿಂಗಳು. ಅಂಗಡಿಗೆ ಬಂದವರು ಅರ್ಜಿ ಹಾಕಿಸಿಕೊಂಡು, “ನೀ ನಮ್ಮ ಮಂಜುನಾಥಪ್ಪನ ಮಗಳಲ್ಲನೇ, ಇದೊಂದು ಫ್ರೀ” ಎಂದು ಎದ್ದು ಹೋಗುತ್ತಾರೆ. ಅಂದರೆ ನಾನೂ ಫ್ರೀ, ನನ್ನ ಕೆಲಸವೂ ಫ್ರೀ, ಸೋಪಿನ ಜೊತೆ ಬರುವ ಬಕೆಟ್ಟಿಗಿರುವಷ್ಟು ಮರ್ಯಾದೆ ಮಾತ್ರ ಇಲ್ಲ.

ಅಜ್ಜಿ ಕೆರಿಯಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವವಳೂ ನಾನೇ. ಹೋದ ಮಂಗಳವಾರ ಡಾಕ್ಟರು, “ಅಜ್ಜಿ, ಮೋಷನ್ ಫ್ರೀಯಾಗಿ ಆಗ್ತದಾ?” ಎಂದು ಕೇಳಿದರು. ಅಜ್ಜಿ ಹೊರಗಿನ ಬೆಂಚಿಗೂ ಕೇಳುವಂತೆ, “ಎಂತ ಫ್ರೀ ಡಾಕ್ಟ್ರೇ, ಮೂರು ದಿನದಿಂದ ಪೂರಾ ಬಂದ್!” ಎಂದಳು. ಹೆಂಗಸರಿಗೆ ಬಸ್ಸು ಫ್ರೀ ಎಂದು ಯಾರೋ ಹೇಳಿದಂದಿನಿಂದ ಅವಳು ಬೆಳ್ಳಪ್ಪಣ್ಣನಿಗೆ ಆಧಾರ್ ಕಾರ್ಡು ಚಾಚುತ್ತಾಳೆ. “ಅಜ್ಜೀ, ಇದು ಪ್ರೈವೇಟು, ಸರ್ಕಾರಿದು ಈ ರಸ್ತೆಗೆ ಬರೋದೇ ಇಲ್ಲ” ಎಂದು ಅವನು ಪ್ರತಿ ಸಲವೂ ಹೇಳುತ್ತಾನೆ. “ನೀ ಬಂದೀಯಲ್ಲ, ನೀನೇ ಸರ್ಕಾರ” ಎಂದು ಇವಳು ಕಾರ್ಡನ್ನು ಮತ್ತಷ್ಟು ಮುಂದಕ್ಕೆ ಚಾಚುತ್ತಾಳೆ.

ಇನ್ನು ಅಮ್ಮ. ನೆಂಟರ ಮದುವೆಗೆ ಫ್ರೀ ಹೇರ್ ಬಿಟ್ಟುಕೊಂಡು ಹೊರಟರೆ ಅಂಗಳದಿಂದಲೇ ವಾಪಸು ಕರೆದು ಜಡೆ ಹಾಕಿದಳು. ಆ ಮದುವೆಯಲ್ಲಿ ಛತ್ರದ ಬಾಗಿಲಲ್ಲಿ ನಿಂತು ಹುಡುಗರ ಹತ್ತಿರ ಎರಡು ಮಾತಾಡಿದ್ದಕ್ಕೆ, “ಹುಡುಗಿ ಭಾರೀ ಫ್ರೀ” ಎಂಬ ಸರ್ಟಿಫಿಕೇಟು ನನಗಿಂತ ಮೊದಲೇ ಮನೆ ತಲುಪಿತ್ತು. ಸಂಜೆ ಅಮ್ಮ ನನ್ನ ಪಕ್ಕ ಕೂತು, “ಎಂತಾಗ್ತದೆ ನಿಂಗೆ? ನನ್ನ ಹತ್ರ ಫ್ರೀಯಾಗಿ ಹೇಳು” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕುಕ್ಕರ್ ಕೂಗಿತು. “ತಡಿ, ಫ್ರೀ ಇದ್ರೆ ಅದೊಂದು ಇಳಿಸಿ ಬಾ” ಎಂದಳು. ಇಳಿಸಿ ಬಂದೆ. ಅಷ್ಟರಲ್ಲಿ ಅಮ್ಮ ಫ್ರೀ ಇರಲಿಲ್ಲ.

ಈ ಸ್ಟೂಲಿನ ಮೇಲೆ ಕೂತರೆ ಕಾಣುವುದಿಷ್ಟೇ ಮೇಘು. ಎದುರಿಗೆ ರಸ್ತೆ, ರಸ್ತೆಯಲ್ಲಿ ಬಸ್ಸು, ಮುಂದಿನ ಗಾಜಿನ ಮೇಲೆ ‘ತೀರ್ಥಹಳ್ಳಿ’. ಅದು ದಿನಾ ಹೋಗುವುದನ್ನು ನೋಡುವುದೂ ನನ್ನದೇ ಡ್ಯೂಟಿ.

ಹೋದ ತಿಂಗಳು ನಿನ್ನ ಮಾನ ಕಳೆದ ಆ ಇಂಟರ್‌ವ್ಯೂ ಬಗ್ಗೆ ಸರಿಯಾಗಿ ಹೇಳಿರಲಿಲ್ಲ. ನಮ್ಮ ಕ್ರಾಸಿನ ತಂಗುದಾಣದ ಕಂಬಕ್ಕೆ ಒಂದು ಮೊಳೆ ಇದೆ. ಬಸ್ಸಿಗೆ ಹೋಗುವವರು ಮೊದಲೇ ಬಂದು ಅದಕ್ಕೆ ಚೀಲ ನೇತುಹಾಕಿ, ಮನೆಗೆ ಹೋಗಿ ದೋಸೆ ತಿನ್ನುತ್ತಾರೆ. ಚೀಲ ಕಂಡರೆ ಬಸ್ ನಿಂತು ಮೂರು ಹಾರ್ನ್ ಹಾಕಿ, ಆಳು ಬರುವ ತನಕ ಕಾಯಬೇಕು. ಇದು ನಮ್ಮ ಊರಿನ ಸಂವಿಧಾನ. ನಾನು ಎಷ್ಟೋ ಸಲ ಖಾಲಿ ಚೀಲ ನೇತುಹಾಕಿ, ಇಡೀ ಬಸ್ಸು ಯಾರಿಗೋ ಕಾಯುವುದನ್ನು ಅಂಗಡಿಯಿಂದ ನೋಡಿ ನಕ್ಕಿದ್ದೇನೆ. ಅದರ ಫಲ, ಇಂಟರ್‌ವ್ಯೂಗೆಂದು ಚೀಲ ಹಾಕಿದ ಆವತ್ತು ಸಿಕ್ಕಿತು. ಇವಳದ್ದು ಮತ್ತೆ ತಮಾಷೆ ಎಂದುಕೊಂಡು ಬೆಳ್ಳಪ್ಪಣ್ಣ ನಿಲ್ಲಿಸದೆ ಹೋಗಿಬಿಟ್ಟ. ಮರುದಿನ ದಿನೇಶಣ್ಣ ಬಸ್ಸಿಗೆ ಅಡ್ಡ ನಿಂತು, ಎಲ್ಲರೆದುರು, “ನನ್ನ ತಂಗಿ ಕೆಲಸ ಕಳೆದ್ಯಲ್ಲ ಮಾರಾಯಾ, ಕಣ್ಣಿಲ್ಲನಾ ನಿಂಗೆ?” ಎಂದು ಕೂಗಾಡಿದ. ಆಶ್ಚರ್ಯ ನೋಡು, ಹೊರಡುವಾಗ ಅಣ್ಣ ಬೇಡ ಅಂದಿರಲೂ ಇಲ್ಲ. ಅಜ್ಜಿಯಂತೂ ಟಿಕೆಟ್ಟಿಗೆ ಅಂತ ತನ್ನ ಸೆರಗಿನ ಗಂಟನ್ನೇ ಬಿಚ್ಚಿದ್ದಳು.

ಹೀಗಿರುವಾಗ ಸೋಮವಾರವೂ ಏನಾದರೊಂದು ಅಡ್ಡ ಬಂದೇ ಬರುತ್ತದೆ. ಆ ಕುರ್ಚಿಯನ್ನು ಬೇರೆ ಯಾರಿಗಾದರೂ ಕೊಡಿಸಿಬಿಡು. ನಿನಗೆ ದಿನಾ ಬಿಸಿ ಚಾ ಸಿಗಲಿ, ತೆಗೆದುಕೊಂಡು ಹೋದ ಪುಸ್ತಕಗಳನ್ನೆಲ್ಲ ಹುಡುಗರು ವಾಪಸು ತಂದು ಕೊಡಲಿ, ಮುಂದಿನ ಗೋಬಿ ಪೂರ್ತಿ ನಿನ್ನದೇ ಆಗಲಿ ಎಂದು ಹರಸುತ್ತೇನೆ.

ಇಂತಿ ನಿನ್ನ ಪಾದಧೂಳಿ,
ಸಕಲಕಲಾಫ್ರೀ
ಪ್ರತಿಮಾ

ಮರೆತ ಮಾತು: ಕಾಗದ ಒಯ್ಯುತ್ತೀಯಾ ಎಂದು ಬೆಳಿಗ್ಗೆ ಬೆಳ್ಳಪ್ಪಣ್ಣನನ್ನು ಕೇಳಿದೆ. “ಕೊಡು, ಒಯ್ತೀನಿ. ಸೋಮವಾರನೂ ಚೀಲ ಕಂಡ್ರೆ ನಿಲ್ಸೋದೇಯ” ಎಂದ. ಅಷ್ಟೇ. ಅಣ್ಣ ಬಯ್ದಾಗಲೂ ಅವನು, “ಹ್ಞೂ, ತಪ್ಪಾತು” ಎಂದದ್ದು ಬಿಟ್ಟರೆ ಮತ್ತೇನೂ ಹೇಳಿರಲಿಲ್ಲ.

ಮೇಘು, ಆವತ್ತು ಬಸ್ ನಿಂತಿತ್ತು. ಮೂರು ಹಾರ್ನ್ ಹಾಕಿ, ಮತ್ತೆ ಮೂರು ಹಾಕಿದರು. ನಾನು ತಂಗುದಾಣದ ಗೋಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಇಲ್ಲಿ ನನಗೆ ಬಾರದ ಕೆಲಸವೇ ಇಲ್ಲ. ಅಲ್ಲಿಗೆ ಬಂದು, ನನಗೆ ಆ ಕೆಲಸ ಬರುವುದಿಲ್ಲ ಎಂದು ಗೊತ್ತಾಗಿಬಿಟ್ಟರೆ? ಬೆಳ್ಳಪ್ಪಣ್ಣ ಇಳಿದು ಸುತ್ತು ಹಾಕಿ ಬಂದು, “ಬತ್ತೀಯನೇ ಹುಡುಗಿ?” ಎಂದ. “ಇಲ್ಲಪ್ಪ, ತಮಾಷೆಗೆ ಖಾಲಿ ಚೀಲ ಹಾಕಿದ್ದೆ” ಎಂದು ನಕ್ಕೆ. ಅವನು ಮೊಳೆಯಿಂದ ಚೀಲ ತೆಗೆದ. ಒಳಗೆ ನನ್ನ ಸರ್ಟಿಫಿಕೇಟುಗಳು, ಅಜ್ಜಿ ಕಟ್ಟಿಕೊಟ್ಟ ಬುತ್ತಿ, ಒಂದು ಜೊತೆ ಬಟ್ಟೆ. ಕೈಯಲ್ಲಿ ಒಂದು ಸಲ ತೂಗಿ ನೋಡಿ, ನನ್ನ ಮಡಿಲಲ್ಲಿಟ್ಟು ಹೋದ.